ಬಲಗಡೆಯ ನೀರು

ಆತ ಸ್ಟೂಲಿನ ಮೇಲೆ ಕೂರುವ ಮೊದಲೇ ಹೇಳಿದ: “ಡಾಕ್ಟ್ರಮ್ಮ, ಕಾರ್ಖಾನೆಗೆ ಗೊತ್ತಾಗ್ಬಾರ್ದು.”

ಬ್ಯಾಟರಾಯನಪುರದವನು. ಮೂವತ್ತರ ಆಸುಪಾಸು. ಯಶವಂತಪುರದ ಆಚೆ ಇದ್ದ ಒಂದು ಕಾರ್ಖಾನೆಯಲ್ಲಿ ಎರಡು ವರ್ಷದಿಂದ ಹಂಗಾಮಿಯಾಗಿ ದುಡಿಯುತ್ತಿದ್ದ. ಮುಂದಿನ ತಿಂಗಳು ಖಾಯಂ ಮಾಡುವವರ ಪಟ್ಟಿ ಬರುವುದರಲ್ಲಿತ್ತು. ಕಾರ್ಖಾನೆಗೆ ಅದರದೇ ಆಸ್ಪತ್ರೆಯಿತ್ತು. ಅಲ್ಲಿಗೆ ಹೋಗದೆ, ಮಧ್ಯಾಹ್ನದ ಪಾಳಿಗೆ ಮುಂಚೆ ಯಲಹಂಕದ ನಮ್ಮ ಸಣ್ಣ ಸರ್ಕಾರಿ ಔಷಧಾಲಯಕ್ಕೆ ಸೈಕಲ್ ತುಳಿದುಕೊಂಡು ಬಂದಿದ್ದ. ನಾನು ಅಲ್ಲಿನ ಏಕೈಕ ವೈದ್ಯೆ. ಓದು ಮುಗಿಸಿ ಮೂರು ವರ್ಷವೂ ಆಗಿರಲಿಲ್ಲ.

“ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ಏನಾಗ್ತಿದೆ ಹೇಳಿ” ಎಂದೆ.

“ಸಾಯಂಕಾಲ ಮೈ ಬಿಸಿ ಆಗ್ತದೆ. ಬಲ ಪಕ್ಕೆ ಹಿಡ್ಕೊಂಡಂಗೆ. ಮೊದಲು ಹೆಬ್ಬಾಳದ ಕೆರೆ ಏರೀನ ಒಂದೇ ಉಸಿರಲ್ಲಿ ಹತ್ತಿಬಿಡ್ತಿದ್ದೆ. ಈಗ ಇಳಿದು ಸೈಕಲ್ ತಳ್ಕೊಂಡು ಹೋಗ್ಬೇಕು. ಬಲ ಹೆಗಲೂ ನೋಯ್ತದೆ.”

ಹೆಗಲ ನೋವನ್ನು ನಾನು ಭಾರ ಎತ್ತುವ ಕೆಲಸದ ಲೆಕ್ಕಕ್ಕೆ ಹಾಕಿದೆ. ಅದು ನನ್ನ ಮೊದಲ ತಪ್ಪು.

ಅಂಗಿ ಬಿಚ್ಚಿಸಿ ನೋಡಿದೆ. ಉಸಿರೆಳೆದಾಗ ಎದೆಯ ಎಡಭಾಗ ಏಳುತ್ತಿತ್ತು, ಬಲಭಾಗ ಹಿಂದುಳಿಯುತ್ತಿತ್ತು. ಬೆನ್ನಿನ ಮೇಲೆ ಎಡಗೈ ಬೆರಳಿಟ್ಟು ಬಲಗೈ ಬೆರಳಿನಿಂದ ತಟ್ಟುತ್ತ ಇಳಿದೆ. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಆತನ ಬಲ ಹೆಗಲ ಮೂಳೆಯ ತುದಿಯಿಂದ ಕೆಳಗೆ ಕಲ್ಲುಚಪ್ಪಡಿಯ ಮೇಲೆ ತಟ್ಟಿದಂತಿತ್ತು. “ಒಂದು, ಒಂದು ಅನ್ನಿ” ಎಂದೆ. ಎಡಗಡೆ ಅವನ ದನಿ ನನ್ನ ಅಂಗೈಗೆ ನಡುಗಿ ತಾಗಿತು, ಬಲಗಡೆ ಏನೂ ಇಲ್ಲ. ಸ್ಟೆತಸ್ಕೋಪಿಗೆ ಉಸಿರಿನ ಸದ್ದೂ ಸಿಗಲಿಲ್ಲ.

ಶ್ವಾಸಕೋಶವನ್ನು ಎರಡು ತೆಳು ಪೊರೆಗಳು ಸುತ್ತಿಕೊಂಡಿರುತ್ತವೆ. ಅವು ಒಂದರ ಮೇಲೊಂದು ಜಾರಲು ಬೇಕಾದಷ್ಟು, ಒಂದೆರಡು ಚಮಚೆಯಷ್ಟು ತೇವ ನಡುವೆ ಇದ್ದೇ ಇರುತ್ತದೆ. ಅಲ್ಲಿ ನೀರು ತುಂಬಿಕೊಂಡರೆ ಶ್ವಾಸಕೋಶ ಹಿಗ್ಗಲು ಜಾಗವಿರುವುದಿಲ್ಲ. ಆ ನೀರು ತಾನೇ ಒಂದು ಕಾಯಿಲೆಯಲ್ಲ, ಬೇರೆ ಯಾವುದೋ ಕಾಯಿಲೆಯ ಫಲ. ಆ ಕಾಲಕ್ಕೆ, ಆ ವಯಸ್ಸಿನ ಗಂಡಸಿಗೆ, ಸಂಜೆ ಜ್ವರದ ಜೊತೆ ಒಂದೇ ಕಡೆ ನೀರು ಎಂದರೆ ನಮಗೆ ಮೊದಲು ಹೊಳೆಯುತ್ತಿದ್ದದ್ದು ಕ್ಷಯ. ಹೊಟ್ಟೆ ಮುಟ್ಟಿ ನೋಡಿದಾಗ ಯಕೃತ್ತು ಎರಡು ಬೆರಳು ಕೆಳಗೆ ಸಿಕ್ಕಿತು. ಮೇಲಿನ ನೀರು ಅದನ್ನು ಕೆಳಕ್ಕೆ ತಳ್ಳಿದೆ ಎಂದುಕೊಂಡೆ. ಅದು ಎರಡನೆಯ ತಪ್ಪು.

ಎಕ್ಸ್‌ರೇ ಬೇಕಿತ್ತು. ನಮ್ಮಲ್ಲಿ ಯಂತ್ರವಿರಲಿಲ್ಲ. ಪೇಟೆಯ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರೆ ಸರದಿ ಬರಲು ವಾರಗಳೇ ಆಗುತ್ತಿದ್ದವು. ಆಗ ನನಗೆ ನೆನಪಾದವರು ಅದೇ ಕಾರ್ಖಾನೆಯ ಮುಖ್ಯ ವೈದ್ಯರು.

ಅವರು ನನ್ನ ಗುರುಗಳು. ನಾನು ವಿದ್ಯಾರ್ಥಿನಿಯಾಗಿದ್ದಾಗ ವಾರ್ಡಿನಲ್ಲಿ ನನ್ನ ಕೈ ಹಿಡಿದು ಎದೆ ತಟ್ಟುವುದನ್ನು ಕಲಿಸಿದವರು. ಹುಡುಗಿಯರಿಗೆ ಸೂಜಿ ಹಾಕಲು ಬಿಡುವುದೇ ಇಲ್ಲ ಎನ್ನುವಂತಿದ್ದ ಕಾಲದಲ್ಲಿ, “ಇವತ್ತು ನೀರು ತೆಗೆಯೋದು ನೀನು” ಎಂದು ಸಿರಿಂಜನ್ನು ನನ್ನ ಕೈಗಿಟ್ಟು ಹಿಂದೆ ಸರಿದು ನಿಂತವರು. ನನಗೆ ವೈದ್ಯಕೀಯ ಎಂದರೆ ಅವರ ದನಿ.

“ಬೇಡ ಡಾಕ್ಟ್ರಮ್ಮ, ಅಲ್ಲಿಗೆ ಬೇಡ” ಎಂದು, ಅವರ ಮಾತೆತ್ತಿದೊಡನೆ ಆತ ಎದ್ದೇ ನಿಂತ.

“ಅವರ ಬಾಯಿಂದ ಒಂದು ಮಾತು ಆಚೆ ಹೋಗಲ್ಲ. ನಾನು ಹೊಣೆ.”

ಆತ ನನ್ನ ಮುಖ ನೋಡಿದ. ನೋಡಿ ನಂಬಿದ. ನಾನು ಕಾಗದ ಬರೆದೆ. ಬಲ ಎದೆಯಲ್ಲಿ ನೀರು, ಕ್ಷಯವೆಂದು ಅನುಮಾನ, ಖಚಿತವಿಲ್ಲ, ಇದು ಖಾಸಗಿ, ದಯವಿಟ್ಟು ನಿಮ್ಮಲ್ಲೇ ಇರಲಿ. ಕೈಗೆ ಸಿಕ್ಕಿದ್ದು ಔಷಧಾಲಯದ ಹೆಸರು ಅಚ್ಚಾದ ಹಾಳೆ, ಅದರ ಮೇಲೇ ಬರೆದೆ. ಅಭ್ಯಾಸಬಲದಿಂದ ಮೊಹರನ್ನೂ ಒತ್ತಿದೆ.

ಭಾನುವಾರ ಕಾರ್ಖಾನೆಯ ಆಸ್ಪತ್ರೆಯಲ್ಲಿ ಜನವಿಲ್ಲದಾಗ ಎಕ್ಸ್‌ರೇ ಆಯಿತು. ಸೋಮವಾರ ಆತ ಲಕೋಟೆ ತಂದುಕೊಟ್ಟು, “ಎರಡು ಸಲ ತೆಗೆದ್ರು. ನಿಲ್ಲಿಸಿ ಒಂದು, ಎಡ ಮಗ್ಗುಲಿಗೆ ಮಲಗಿಸಿ ಒಂದು” ಎಂದ. ಒಳಗಿದ್ದದ್ದು ಒಂದೇ ಫಿಲ್ಮು. ಇನ್ನೊಂದು ಕೆಟ್ಟಿರಬೇಕು ಎಂದುಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದರೆ ಬಲಗಡೆಯ ಕೆಳಗಿನ ಅರ್ಧ ಬೆಳ್ಳಗೆ ಮುಚ್ಚಿಹೋಗಿತ್ತು. ಜೊತೆಗೆ ಗುರುಗಳ ಅಕ್ಷರದಲ್ಲಿ ಒಂದು ಚೀಟಿ: ಕ್ಷಯದ ನೀರೇ, ತಡಮಾಡಬೇಡ.

ಅಂದೇ ನೀರು ತೆಗೆದೆ. ಆತನನ್ನು ಕುರ್ಚಿಯ ಮೇಲೆ ಹಿಂದುಮುಂದಾಗಿ ಕೂರಿಸಿ, ಕೈಗಳನ್ನು ಕುರ್ಚಿಯ ಬೆನ್ನಿನ ಮೇಲೆ ಮಡಿಸಿ ಹಣೆಯನ್ನು ಅವುಗಳ ಮೇಲಿಡಲು ಹೇಳಿದೆ. ನರ್ಸಮ್ಮ ಎದುರಿಗೆ ನಿಂತು ಹೆಗಲು ಹಿಡಿದಳು. ಹೆಗಲ ಮೂಳೆಯ ತುದಿಯಿಂದ ಕೆಳಗೆ ಪಕ್ಕೆಲುಬು ಎಣಿಸಿ, ಮರಗಟ್ಟಿಸುವ ಔಷಧಿಯನ್ನು ಚುಚ್ಚಿ, ದಪ್ಪ ಸೂಜಿಯನ್ನು ಕೆಳಗಿನ ಎಲುಬಿನ ಮೇಲಂಚಿಗೆ ತಾಗಿಸಿ ಒಳಗೆ ಬಿಟ್ಟೆ. ಎಲುಬಿನ ಕೆಳಗಂಚಿನಲ್ಲಿ ರಕ್ತನಾಳ ಓಡುತ್ತದೆ, ಅಲ್ಲಿ ಚುಚ್ಚಿದರೆ ಅನಾಹುತ. ಪೊರೆ ದಾಟಿದಾಗ ಬೆರಳಿಗೆ ಒಂದು ಸಣ್ಣ ಸಡಿಲ ತಿಳಿಯುತ್ತದೆ. ಅದು ತಿಳಿಯಿತು. ಒಣಹುಲ್ಲಿನ ಬಣ್ಣದ ತಿಳಿನೀರು ಸಿರಿಂಜಿಗೆ ಬಂತು. ಮೂರು ದಾರಿಯ ತಿರುಪನ್ನು ತಿರುಗಿಸುತ್ತ, ಸಿರಿಂಜಿಗೆ ಎಳೆದು ರಬ್ಬರ್ ನಳಿಗೆಯಲ್ಲಿ ಬೋಗುಣಿಗೆ ಬಿಡುತ್ತ, ಆತ ಕೆಮ್ಮತೊಡಗುವವರೆಗೆ ತೆಗೆದೆ. ಆಮೇಲೆ ನಿಲ್ಲಿಸಬೇಕು. ಆಸೆಪಟ್ಟು ಪೂರ್ತಿ ಎಳೆದರೆ ಒತ್ತಿಹೋಗಿದ್ದ ಶ್ವಾಸಕೋಶ ಒಮ್ಮೆಲೇ ಹಿಗ್ಗಿ ತನ್ನೊಳಗೇ ನೀರು ತುಂಬಿಕೊಳ್ಳುತ್ತದೆ.

“ಅಬ್ಬಾ” ಎಂದು ಆತ ಉಸಿರೆಳೆದ. “ಗಾಳಿ ಒಳಗೆ ಹೋಗೋದು ಇಷ್ಟು ಚೆನ್ನಾಗಿರ್ತದೆ ಅಂತ ಮರ್ತೇಹೋಗಿತ್ತು.”

ಪೇಟೆಯ ಪ್ರಯೋಗಾಲಯಕ್ಕೆ ಕಳಿಸಿದ ನೀರಿನಲ್ಲಿ ಕ್ಷಯದ ಕ್ರಿಮಿ ಕಾಣಲಿಲ್ಲ. ಇಂಥ ನೀರಿನಲ್ಲಿ ಅದು ಕಾಣುವುದು ಅಪರೂಪವೇ. ಹಾಗಾಗಿ ಕಾಣದಿದ್ದದ್ದೂ ನನಗೆ ಕ್ಷಯಕ್ಕೇ ಸಾಕ್ಷಿಯಾಯಿತು. ದಿನಕ್ಕೊಂದು ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು, ಜೊತೆಗೆ ಮಾತ್ರೆಗಳು. ಆತ ರಜೆ ಹಾಕದೆ, ಪಾಳಿಗೆ ಮುಂಚೆ ಬಂದು ಚುಚ್ಚಿಸಿಕೊಂಡು ಹೋಗುತ್ತಿದ್ದ.

ಮೂರು ವಾರ ಕಳೆದರೂ ಜ್ವರ ಇಳಿಯಲಿಲ್ಲ. ನೀರು ಮತ್ತೆ ತುಂಬಿತು. ಎರಡನೆಯ ಸಲ ತೆಗೆದೆ. ತೂಕ ಇಳಿಯುತ್ತಲೇ ಇತ್ತು. ಗುರುಗಳಿಗೆ ಬರೆದು ಕೇಳಿದೆ, ಬೇರೇನಾದರೂ ಯೋಚಿಸಬೇಕೇ ಎಂದು. ಎರಡು ಸಾಲಿನ ಉತ್ತರ ಬಂತು: ಕ್ಷಯಕ್ಕೆ ತಾಳ್ಮೆ ಬೇಕು, ಚಿಕಿತ್ಸೆ ಬದಲಿಸಬೇಡ. ನಾನು ಬದಲಿಸಲಿಲ್ಲ.

ಆ ವಾರದ ಕೊನೆಗೆ ಆತ ಪಾಳಿಯ ಹೊತ್ತಿನಲ್ಲಿ ಬಂದ. ಹಿಂದೆ ಹೆಂಡತಿಯೂ ಇದ್ದಳು. ಕೈಯಲ್ಲಿ ಕಾರ್ಖಾನೆಯ ಕಾಗದ. ಇಂಗ್ಲಿಷಿನಲ್ಲಿದ್ದುದರಿಂದ ಓದಿ ಹೇಳಲು ನನ್ನ ಬಳಿಗೇ ತಂದಿದ್ದ. ನಾನು ಮೊದಲು ಮನಸ್ಸಿನಲ್ಲಿ ಓದಿಕೊಂಡೆ. ಆಮೇಲೆ ಗಟ್ಟಿಯಾಗಿ ಹೇಳಬೇಕಾಯಿತು.

“ಶ್ವಾಸಕೋಶದ ಕ್ಷಯ ಇರೋದ್ರಿಂದ ಕೆಲಸಕ್ಕೆ ಅನರ್ಹ. ಇವತ್ತಿಂದ ಬರಬೇಕಾಗಿಲ್ಲ ಅಂತ ಬರೆದಿದ್ದಾರೆ.”

ಹೆಂಡತಿ ಕೇಳಿದಳು: “ಅಂಗಾರೆ ಅವರ್ಗೆ ಏಳಿದ್ದು ಯಾರು?”

ನನಗೆ ಒಂದು ಕ್ಷಣವೂ ಗುರುಗಳ ಮೇಲೆ ಅನುಮಾನ ಬರಲಿಲ್ಲ. ಬಂದಿದ್ದರೆ ಬಾಯಿ ಮುಚ್ಚಿಕೊಂಡಾದರೂ ಇರುತ್ತಿದ್ದೆನೇನೋ. “ಎಕ್ಸ್‌ರೇ ಕೋಣೆಯಲ್ಲಿ ಯಾರೋ ಬಾಯಿ ಬಿಟ್ಟಿರಬೇಕು. ಡಾಕ್ಟರು ಅಂಥವರಲ್ಲ” ಎಂದೆ.

“ಅಲ್ಲಿದ್ದವನು ಒಬ್ಬನೇ” ಎಂದ ಆತ. “ನಮ್ಮ ಪಕ್ಕದ ಕೊಡಿಗೇಹಳ್ಳಿಯವನು.”

ಗುರುಗಳಿಗೆ ಮತ್ತೊಂದು ಕಾಗದ ಬರೆದೆ, ವಿಚಾರಿಸಿ ಎಂದು. ಉತ್ತರ ಬರಲಿಲ್ಲ. ಅದಕ್ಕೆ ಕಾಯಲು ನನಗೂ ಪುರುಸೊತ್ತಾಗಲಿಲ್ಲ. ಐದನೆಯ ದಿನ ಬೆಳಗ್ಗೆ ಆತನನ್ನು ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಕೂರಿಸಿಕೊಂಡು ತಂದರು. ಮಲಗಿಸಲು ಆಗುತ್ತಿರಲಿಲ್ಲ. ಬೆಳಗಿನ ಜಾವ ಬಲ ಪಕ್ಕೆಯಲ್ಲಿ ಏನೋ ಒಡೆದ ಹಾಗಾಯಿತಂತೆ. ಆಮೇಲೆ ಒಂದೊಂದು ಉಸಿರಿಗೂ ಹೋರಾಟ. ತುಟಿ ನೀಲಿಗಟ್ಟಿತ್ತು.

ತಟ್ಟಿ ನೋಡುವ ಅಗತ್ಯವೂ ಇರಲಿಲ್ಲ. ನರ್ಸಮ್ಮ ಹಿಂದಿನಿಂದ ತಬ್ಬಿ ಹಿಡಿದಳು, ನಾನು ಸೂಜಿ ಹಾಕಿದೆ. ಏನೂ ಬರಲಿಲ್ಲ. ಒಂದು ಎಲುಬು ಕೆಳಗೆ ಹಾಕಿದೆ. ಬರಲಿಲ್ಲ. ಸೂಜಿ ಕಟ್ಟಿಕೊಂಡಿದೆ ಎಂದು ಹೊಳೆದು, ನಮ್ಮಲ್ಲಿದ್ದ ಅತಿ ದಪ್ಪ ಸೂಜಿಯನ್ನು ತೆಗೆದುಕೊಂಡೆ. ಈ ಸಲ ಬಂತು. ಆದರೆ ತಿಳಿನೀರಲ್ಲ. ಕಿವುಚಿದ ಹುಣಸೆಹಣ್ಣಿನ ರಸದಂತೆ, ಕಂದುಗೆಂಪಾಗಿ, ಗಟ್ಟಿಯಾಗಿ. ಮೂಗಿನ ಹತ್ತಿರ ಹಿಡಿದೆ. ಕೀವಿನ ವಾಸನೆ ಇರಲಿಲ್ಲ.

ಪುಸ್ತಕದಲ್ಲಿ ಓದಿದ್ದೆ, ಕಣ್ಣಿನಿಂದ ಕಂಡಿರಲಿಲ್ಲ. ಇದು ಎದೆಯದ್ದಲ್ಲ, ಹೊಟ್ಟೆಯದ್ದು. ಆಮಶಂಕೆಯ ಅಮೀಬಾ ಕರುಳಿನಿಂದ ಯಕೃತ್ತಿಗೆ ಹೋಗಿ ಅಲ್ಲಿ ಹುಣ್ಣು ಮಾಡುತ್ತದೆ. ಹುಣ್ಣು ಬೆಳೆದು, ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಳಗಿನಿಂದ ಕೆರಳಿಸಿದಾಗ ಮೇಲೆ ತಿಳಿನೀರು ಸೇರುತ್ತದೆ. ಹೆಗಲು ನೋಯುತ್ತದೆ, ಏಕೆಂದರೆ ವಪೆಯ ನರವೂ ಹೆಗಲ ನರವೂ ಕತ್ತಿನ ಒಂದೇ ಕಡೆಯಿಂದ ಹೊರಡುತ್ತವೆ. ಕೊನೆಗೆ ವಪೆಯೇ ಒಡೆದು ಹುಣ್ಣಿನ ರಸ ಎದೆಗೆ ನುಗ್ಗುತ್ತದೆ. ನಾನು ಕ್ಷಯಕ್ಕೆಂದು ಚುಚ್ಚುತ್ತಿದ್ದ ಒಂದು ತಿಂಗಳೂ ಅದು ಬೆಳೆಯುತ್ತಲೇ ಇತ್ತು.

“ಹಿಂದೆ ಯಾವಾಗಲಾದ್ರೂ ರಕ್ತಬೇದಿ ಆಗಿತ್ತಾ?” ಎಂದು ಹೆಂಡತಿಯನ್ನು ಕೇಳಿದೆ.

“ಆಗಿತ್ತಲ್ಲ, ದೀಪಾವಳಿ ಆದ್ಮೇಲೆ. ಇಪ್ಪತ್ತು ದಿನ ಇಡೀ ಮನೆ ಸೊರಗೋಗಿತ್ತು.”

“ಯಾಕಮ್ಮ ಹೇಳಲಿಲ್ಲ?”

“ನೀವು ಎದೆ ಬಗ್ಗೆ ಕೇಳುದ್ರಿ. ಒಟ್ಟೆ ಬಗ್ಗೆ ಕೇಳ್ಲೇ ಇಲ್ವಲ್ಲ.”

ರಸವನ್ನು ಆದಷ್ಟು ತೆಗೆದೆ. ಉಸಿರು ಸ್ವಲ್ಪ ಹಿಡಿತಕ್ಕೆ ಬಂತು. ನರ್ಸಮ್ಮ ಪೇಟೆಗೆ ಕಳಿಸೋಣ ಎಂದಳು. ಅದೇ ಸರಿಯಾದ ದಾರಿ ಎಂದು ನಿಯಮ ಹೇಳುತ್ತಿತ್ತು. ಆದರೆ ಕಳಿಸಿದರೆ ಆತನ ಜೊತೆ ಹೋಗುವ ಪ್ರತಿಯೊಂದು ಕಾಗದದ ಮೇಲೂ ಕ್ಷಯ ಎಂದಿತ್ತು. ನಾನು ಬೇರೆ ಬರೆದುಕೊಟ್ಟರೂ ಅಲ್ಲಿನ ವೈದ್ಯರು ಹಳೆಯ ಕಾಗದಗಳನ್ನೇ ನಂಬಿ, ಕೀವೆಂದು ತಿಳಿದು, ಪಕ್ಕೆ ಕೊಯ್ದು ಕೊಳವೆ ಇಟ್ಟರೆ ಹೊರಗಿನ ಸೋಂಕೂ ಸೇರಿ ಆತ ಉಳಿಯುವುದಿಲ್ಲ. ನಾನೂ ಹಾಗೇ ಕಾಗದ ನಂಬಿದವಳು. ಗಾಡಿಯ ಕುಲುಕಾಟವೂ ಬೇಡ ಎನ್ನಿಸಿತು. ಹೆರಿಗೆಗೆಂದು ಇಟ್ಟಿದ್ದ ಎರಡು ಮಂಚಗಳಲ್ಲಿ ಒಂದನ್ನು ಕಿಟಕಿಯ ಬಳಿಗೆ ಎಳೆಸಿದೆ.

“ಇಲ್ಲೇ ಇರಲಿ. ಎಮೆಟಿನ್ ಶುರು ಮಾಡ್ತೀನಿ” ಎಂದೆ.

ಎಮೆಟಿನ್ ಆಮಶಂಕೆಗೆ ಕೊಡುವ ಚುಚ್ಚುಮದ್ದು. ನಮ್ಮ ಬೀರುವಿನಲ್ಲೇ ಇತ್ತು, ಮೊದಲ ದಿನದಿಂದಲೂ ಇತ್ತು. ಹೃದಯವನ್ನು ಕುಗ್ಗಿಸುವ ಔಷಧಿ ಅದು. ಕೊಡುವಷ್ಟು ದಿನ ರೋಗಿ ಮಂಚ ಬಿಟ್ಟು ಇಳಿಯುವಂತಿಲ್ಲ. ದಿನಕ್ಕೊಂದು ಚುಚ್ಚುಮದ್ದು, ಗಂಟೆಗೊಮ್ಮೆ ನಾಡಿ, ಜೊತೆಗೆ ಕ್ಲೋರೋಕ್ವಿನ್ ಮಾತ್ರೆ. ನರ್ಸಮ್ಮ ಆತನ ಹೆಂಡತಿಗೆ ನಾಡಿ ಹಿಡಿಯುವುದನ್ನು ತೋರಿಸಿದಳು. ಆಕೆಗೆ ಅಕ್ಷರ ಬರದು. ಆದರೆ ನಾಡಿ ತಪ್ಪಿ ಬಡಿದರೆ ನನಗಿಂತ ಮೊದಲು ಆಕೆಯ ಬೆರಳಿಗೆ ತಿಳಿಯುತ್ತಿತ್ತು. ನಾಲ್ಕನೆಯ ದಿನ ಹಾಗೇ ಓಡಿಬಂದಳು. ಒಂದು ದಿನ ಮದ್ದು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಮಧ್ಯೆ ಎರಡು ಸಲ ರಸ ತೆಗೆದೆ. ಪ್ರತಿ ಸಲವೂ ಕಡಿಮೆ. ಐದನೆಯ ಸಂಜೆ ಥರ್ಮಾಮೀಟರಿನ ಪಾದರಸ ಏರಲಿಲ್ಲ. ನಾನು ಅದನ್ನು ಕೊಡವಿ ಇನ್ನೊಮ್ಮೆ ಇಟ್ಟೆ. ಆಗಲೂ ಏರಲಿಲ್ಲ.

ಹತ್ತು ದಿನ ಮುಗಿದ ಮೇಲೆ ಯಶವಂತಪುರಕ್ಕೆ ಹೊರಟೆ. ನಿಜ ಹೇಳುತ್ತೇನೆ, ಸಂಭ್ರಮದಿಂದಲೇ ಹೊರಟೆ. ಗುರುಗಳು ಹೆಮ್ಮೆಪಡುತ್ತಾರೆ, ಇಬ್ಬರೂ ಸೇರಿ ತಪ್ಪನ್ನು ತಿದ್ದುತ್ತೇವೆ, ಕ್ಷಯವಲ್ಲ ಎಂದು ಅವರು ಒಂದು ಸಾಲು ಬರೆದರೆ ಆತನಿಗೆ ಕೆಲಸ ಮರಳಿ ಸಿಗುತ್ತದೆ. ಬಸ್ಸಿನಲ್ಲಿ ಕುಳಿತು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅವರು ಪೂರ್ತಿ ಕೇಳಿದರು. “ಒಳ್ಳೇ ಕೆಲಸ ಮಾಡಿದೀಯ” ಎಂದರು. ನಾನು ಎಕ್ಸ್‌ರೇಯನ್ನು ಇನ್ನೊಮ್ಮೆ ನೋಡಬಹುದೇ, ಮಲಗಿಸಿ ತೆಗೆದ ಆ ಕೆಟ್ಟ ಫಿಲ್ಮಾದರೂ ಸರಿ ಎಂದೆ. ಅವರು ಉತ್ತರ ಕೊಡುವ ಮೊದಲೇ ಪಕ್ಕದಲ್ಲಿದ್ದ ಗುಮಾಸ್ತ ಎದ್ದುಹೋಗಿ ಆತನ ಫೈಲು ತಂದು ಮೇಜಿನ ಮೇಲಿಟ್ಟ.

ಮೇಲೆಯೇ ನನ್ನ ಕಾಗದವಿತ್ತು, ಮೊಹರಿನ ಸಮೇತ. ಖಾಸಗಿ ಎಂಬ ಮಾತಿನ ಮೇಲೆ ಕಾರ್ಖಾನೆಯ ಸ್ವೀಕೃತಿ ಮುದ್ರೆ ಬಿದ್ದಿತ್ತು. ಕೆಳಗೆ ಎರಡನೆಯ ಫಿಲ್ಮು. ಕೆಟ್ಟಿರಲಿಲ್ಲ. ಎಡ ಮಗ್ಗುಲಿಗೆ ಮಲಗಿಸಿದಾಗ ನೀರು ಸರಿದು, ಬಲಗಡೆಯ ವಪೆ ಗುಮ್ಮಟದಂತೆ ಮೇಲೆದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಅಂಚಿನಲ್ಲಿ ಗುರುಗಳ ಪೆನ್ಸಿಲ್ ಅಕ್ಷರ: ಲಿವರ್?

ಗುಮಾಸ್ತ ಹೊರಗೆ ಹೋಗುವವರೆಗೆ ಕಾದೆ.

“ಇದನ್ನ ಯಾಕೆ ಕಳಿಸಲಿಲ್ಲ ಸರ್?”

“ಬರೀ ಅನುಮಾನ ಕಣಮ್ಮ. ಪ್ರಶ್ನೆಚಿಹ್ನೆ ಹಾಕಿದೀನಲ್ಲ.”

“ಕ್ಷಯ ಅನ್ನೋದೂ ಅನುಮಾನವೇ ಆಗಿತ್ತು. ಅದಕ್ಕೆ ಮಾತ್ರ ಪ್ರಶ್ನೆಚಿಹ್ನೆ ಇರಲಿಲ್ಲ.”

ಅವರು ಕನ್ನಡಕ ತೆಗೆದು ಒರೆಸಿದರು. “ಖಾಯಂ ಮಾಡೋ ಮುಂಚೆ ಅನಾರೋಗ್ಯ ಇರೋರ ಪಟ್ಟಿ ಕೊಡಿ ಅಂತ ಆಡಳಿತದವರು ಕೂತಿದ್ರು. ಎಲ್ಲರನ್ನೂ ತಗೊಳ್ಳೋಕೆ ಅವರಿಗೆ ಇಷ್ಟ ಇರಲಿಲ್ಲ. ನಾನು ಏನೂ ಸುಳ್ಳು ಬರೀಲಿಲ್ಲ. ನೀನು ಬರೆದದ್ದನ್ನ ಲಗತ್ತಿಸಿದೆ, ಅಷ್ಟೇ.”

“ಖಾಸಗಿ ಅಂತ ಬರೆದಿದ್ದೆ.”

“ಸರ್ಕಾರಿ ಹಾಳೆ ಮೇಲೆ, ಮೊಹರು ಒತ್ತಿ?” ಅವರ ದನಿ ಹಳೆಯ ವಾರ್ಡಿನ ದನಿಯೇ, ಅಷ್ಟೇ ಮೃದು. “ನೋಡು, ಈಗ ತಿದ್ದಿದ್ರೆ ಇಬ್ಬರ ಹೆಸರೂ ಕೆಡುತ್ತೆ. ಇಲ್ಲಿ ಹೊಸ ಆಸ್ಪತ್ರೆ ಕಟ್ತಾ ಇದಾರೆ. ಹೆಂಗಸರ ವಿಭಾಗಕ್ಕೆ ನಿನ್ನ ಹೆಸರು ಹೇಳಿದೀನಿ. ಆ ಹಳ್ಳೀಲಿ ಎಷ್ಟು ದಿನ ಇರ್ತೀಯ?”

ನಾನು ಅವರ ಕೈಗಳನ್ನು ನೋಡುತ್ತಿದ್ದೆ. ಅವೇ ಕೈಗಳು. ಮಲಗಿಸಿ ತೆಗೆಯಬೇಕು ಎಂದು ಯೋಚಿಸುವಷ್ಟು ಜಾಣತನ, ವಪೆಯನ್ನು ಗುರುತಿಸುವಷ್ಟು ಅನುಭವ, ಎಲ್ಲವೂ ಅವರಲ್ಲಿತ್ತು. ನನಗೆ ಒಂದು ತಿಂಗಳು ಕಾಣದಿದ್ದದ್ದು ಅವರಿಗೆ ಅರ್ಧ ಗಂಟೆಯಲ್ಲಿ ಕಂಡಿತ್ತು. ಕಂಡೂ, ಚಿಕಿತ್ಸೆ ಬದಲಿಸಬೇಡ ಎಂದು ಬರೆದರು. ಅವರಿಗೆ ತಿಳಿಯದೆ ತಪ್ಪಾಗಿದ್ದರೆ ನಾನು ಅವರನ್ನು ಇನ್ನೂ ಹೆಚ್ಚು ಪ್ರೀತಿಸುತ್ತಿದ್ದೆ.

“ಆತ ಸತ್ತೇಹೋಗ್ತಿದ್ದ ಸರ್” ಎಂದೆ.

“ಸಾಯಲಿಲ್ಲವಲ್ಲ” ಎಂದರು.

ಮರುದಿನ ಕಾರ್ಖಾನೆಯ ಆಡಳಿತಕ್ಕೆ ನೇರವಾಗಿ ಬರೆದೆ. ನನ್ನ ಮೊದಲ ರೋಗನಿರ್ಣಯ ತಪ್ಪು, ಈತನಿಗೆ ಕ್ಷಯವಿರಲಿಲ್ಲ, ಇದ್ದ ಕಾಯಿಲೆ ಗುಣವಾಗಿದೆ ಎಂದು. ಎರಡನೆಯ ಫಿಲ್ಮಿನ ಮಾತನ್ನೂ ಬರೆದೆ. ಬಂದ ಉತ್ತರದಲ್ಲಿ ಫಿಲ್ಮಿನ ಪ್ರಸ್ತಾಪವೇ ಇರಲಿಲ್ಲ. ಆ ಸ್ಥಾನಕ್ಕೆ ಬೇರೆಯವರನ್ನು ತೆಗೆದುಕೊಳ್ಳಲಾಗಿದೆ, ವಿಷಯ ಮುಗಿದಿದೆ ಎಂದಷ್ಟೇ ಇತ್ತು. ಕೆಲವು ವಾರಗಳಲ್ಲಿ ನನ್ನ ಮೇಲಧಿಕಾರಿಗಳಿಂದ, ಅಚ್ಚಾದ ಹಾಳೆಯನ್ನು ಖಾಸಗಿ ಪತ್ರಕ್ಕೆ ಬಳಸಿದ್ದಕ್ಕೆ ವಿವರಣೆ ಕೇಳಿ ಕಾಗದ ಬಂತು. ಅದನ್ನು ಅವರಿಗೆ ತಿಳಿಸಿದ್ದು ಯಾರೆಂದು ನಾನು ವಿಚಾರಿಸಲಿಲ್ಲ.

ಆದರೆ ಆಡಳಿತಕ್ಕೆ ಬರೆದ ದಿನವೇ ಮಾಡಬೇಕಿದ್ದ ಇನ್ನೊಂದು ಕೆಲಸ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಆತ ಇನ್ನೂ ನಮ್ಮ ಮಂಚದ ಮೇಲೆಯೇ ಇದ್ದ. ಹೆಂಡತಿ ರಾಗಿ ಗಂಜಿ ಕುಡಿಸುತ್ತಿದ್ದಳು. ನಾನು ಸ್ಟೂಲು ಎಳೆದುಕೊಂಡು ಕೂತೆ.

“ಕಾರ್ಖಾನೆಗೆ ಹೋಗಿದ್ದು ನನ್ನ ಕಾಗದ. ನಾನು ನಂಬಿದೋರೇ ಅದನ್ನ ಕೊಟ್ಟಿದ್ದಾರೆ. ಎಕ್ಸ್‌ರೇ ಕೋಣೆಯವನು ಯಾರಿಗೂ ಏನೂ ಹೇಳಿಲ್ಲ.”

ಆತ ಗಂಜಿಯ ಲೋಟವನ್ನು ಪಕ್ಕಕ್ಕೆ ಸರಿಸಿದ.

“ಅವನ ಮನೆ ಮುಂದೆ ನಿಂತು ಬೈದು ಬಂದಿದೀನಿ ಡಾಕ್ಟ್ರಮ್ಮ. ಅವನ ಹೆಂಡ್ರು ಮಕ್ಕಳ ಎದುರಿಗೆ. ಕಾರ್ಖಾನೆ ಕಾಗದ ಬಂತಲ್ಲ, ಅವತ್ತೇ. ಮೈಯಲ್ಲಿ ಜ್ವರ, ಆದ್ರೂ ಹೋದೆ. ಅವನು ಒಂದು ಮಾತೂ ಆಡ್ಲಿಲ್ಲ. ತಲೆ ತಗ್ಗಿಸ್ಕೊಂಡು ನಿಂತಿದ್ದ. ತಪ್ಪು ಮಾಡಿದೋನು ಅದಕ್ಕೇ ಸುಮ್ನಿದಾನೆ ಅಂದ್ಕೊಂಡೆ.”

ಕ್ಷಮಿಸಿ ಎಂದೆ. ಆ ಮಾತು ಅವರಿಬ್ಬರಿಗೂ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಹೆಂಡತಿ ಲೋಟವನ್ನು ಮತ್ತೆ ಅವನ ಕೈಗಿಟ್ಟು, “ಕುಡಿ, ಆರೋಯ್ತದೆ” ಎಂದಳು. ಮೂರು ದಿನದ ಮೇಲೆ ಆತ ಎದ್ದು ಓಡಾಡುವಷ್ಟಾಗಿ ಮನೆಗೆ ಹೋದ. ಹೋಗುವಾಗ ನರ್ಸಮ್ಮನಿಗೆ ಕೈ ಮುಗಿದ. ನನ್ನ ಕಡೆ ತಲೆಯಾಡಿಸಿದ. ಅಲ್ಲಿಂದ ನೇರವಾಗಿ ಕೊಡಿಗೇಹಳ್ಳಿಗೆ ಹೋದನೆಂದು ಆಮೇಲೆ ತಿಳಿಯಿತು. ಅಲ್ಲಿ ಬಾಗಿಲು ತೆರೆಯಲಿಲ್ಲವಂತೆ.

ಮತ್ತೆ ಪರೀಕ್ಷೆಗೆ ಬನ್ನಿ ಎಂದು ಹೇಳಿದ್ದ ದಿನಗಳಲ್ಲಿ ಒಂದಕ್ಕೂ ಬರಲಿಲ್ಲ. ನಾನು ಹೊಸ ಆಸ್ಪತ್ರೆಗೆ ಹೋಗಲಿಲ್ಲ, ಗುರುಗಳ ಕಾಗದಗಳಿಗೆ ಉತ್ತರ ಬರೆಯುವುದನ್ನು ನಿಲ್ಲಿಸಿದೆ. ಎದೆಯಲ್ಲಿ ನೀರು ತುಂಬಿದ ರೋಗಿ ಯಾರು ಬಂದರೂ ಹೊಟ್ಟೆಯ ಬಗ್ಗೆ ಕೇಳುವುದನ್ನು ಕಲಿತೆ.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಸಾಲಿನ ಕೊನೆಯಲ್ಲಿ ಆತ ಹೆಂಡತಿಯ ಜೊತೆ ಕೂತಿದ್ದ. ತಣಿಸಂದ್ರದ ಕಡೆ ಒಂದು ದ್ರಾಕ್ಷಿ ತೋಟದಲ್ಲಿ ಕೆಲಸ ಹಿಡಿದಿದ್ದನಂತೆ, ಮೈ ತುಂಬಿಕೊಂಡಿತ್ತು. ಈ ಸಲ ಕಾಯಿಲೆ ಹೆಂಡತಿಗೆ. ಆಕೆ ಸ್ಟೂಲಿನ ಮೇಲೆ ಕೂತಳು. ನಾನು ರೋಗಿಗಳ ಪುಸ್ತಕವನ್ನು ಎಳೆದುಕೊಂಡು ಪೆನ್ನು ತೆರೆದೆ.

“ಡಾಕ್ಟ್ರಮ್ಮ, ಅವಳು ಎಲ್ಲಾ ಹೇಳ್ತಾಳೆ” ಎಂದ ಆತ. ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಬರ್ಕೋಬೇಡಿ. ಸುಮ್ನೆ ಕೇಳಿಸ್ಕೊಳ್ಳಿ.”

ನಾನು ಪೆನ್ನು ಮುಚ್ಚಿ, ಪುಸ್ತಕವನ್ನು ಪಕ್ಕಕ್ಕಿಟ್ಟು, ಆಕೆಯ ಕಡೆ ತಿರುಗಿ ಕೂತೆ.